ದೋಣಿಯವನು ನಿಮ್ಮಪ್ಪ ಅಲ್ಲ

ನಮ್ಮ ಸಿನಿಮಾದೋರ ಬಡಾವಣೆ ಉಜುಮಾಸದಲ್ಲಿ ನನ್ನನ್ನ ಯಾರೂ ಸುಳ್ಳುಗಾರ ಅನ್ನಲ್ಲ, ಬುನ್‌ಜಿ ಬಾಯಿ ಸ್ವಲ್ಪ ಉದ್ದ ಅಂತಾರೆ ಅಷ್ಟೇ. ಒಂದ್ಸಲ ನಾನು ಸೇತುವೆ ಮೇಲಿಂದ ಬಿದ್ದ ಹೊಡೆತಕ್ಕೆ ಹೊಳೆ ಮೀನು ಹಾರಿ ನಿರ್ದೇಶಕರ ಊಟದ ಡಬ್ಬಿಗೆ ಬಿತ್ತು ಅಂತ ಹೇಳಿದ್ರೆ, ಕೇಳೋರು "ಬೆಂದಿತ್ತಾ?" ಅಂತಾರೆ. "ಬಿಸಿಲಿಗೆ ಅರ್ಧ ಬೆಂದಿತ್ತು, ಇನ್ನರ್ಧ ಅವರೇ ಬೇಯಿಸ್ಕೊಂಡ್ರು" ಅಂತೀನಿ. ಹೀಗೇ ನಡ್ಕೊಂಡ್ ಬಂದಿದೆ. ಈಗ ಹೇಳೋದು ಮಾತ್ರ ಅಂಥದ್ದಲ್ಲ. ಇದನ್ನ ಹೇಳೋವಾಗ ಮುಖ ಎಲ್ಲಿಟ್ಕೋಬೇಕೋ ಗೊತ್ತಾಗಲ್ಲ ನಂಗೆ.

ನನ್ನ ಕೆಲಸ ಸಾಯೋದು. ಕತ್ತಿವರಸೆ ಸಿನಿಮಾ, ಧಾರಾವಾಹಿ ಎಲ್ಲ ಇಲ್ಲೇ ತೆಗೆಯೋದಲ್ವಾ, ಅದ್ರಲ್ಲಿ ಹೀರೋ ಒಬ್ನೇ ನಿಂತ್ಕೊಂಡು ಮೂವತ್ತು ಜನಾನ ಕಡೀತಾನಲ್ಲ, ಆ ಮೂವತ್ತು ಜನ ನಾವು. ಕಡಿಸ್ಕೊಳ್ಳೋರು ಅಂತ್ಲೇ ನಮ್ಮ ಹೆಸರು. ಜುಟ್ಟಿನ ಟೋಪನ್ ಹಾಕ್ಕೋ, ಬಿದಿರು ಕತ್ತಿ ಹಿಡ್ಕೋ, ಓಡಿ ಬಾ, ಬೀಳು. ಒಂದು ದಿನ ಬೆಳಗಿಂದ ಸಂಜೆಗೆ ಹನ್ನೊಂದು ಸಲ ಸತ್ತಿದೀನಿ, ಮಧ್ಯೆ ಊಟಕ್ಕೆ ಎದ್ದಿದ್ದು ಬಿಟ್ರೆ. ನಮ್ಮ ಹೆಸರು ಕೊನೇಲಿ ಪರದೆ ಮೇಲೆ ಬರಲ್ಲ. ತಂಡದ ಹೆಸರು ಒಂದೇ ಸಾಲು ಬರುತ್ತೆ, ಅದೂ ಓದೋದ್ರೊಳಗೆ ಮೇಲಕ್ಕೆ ಹೋಗಿರುತ್ತೆ. ಹೀಗಾಗಿ ನಾವೆಲ್ಲ ಒಂದು ಚಾಲಾಕಿ ಕಲ್ತಿದ್ವಿ. ಏಟು ಬಿದ್ದ ಮೇಲೆ, ನೆಲಕ್ಕೆ ಬೀಳೋದ್ರೊಳಗೆ, ಹೇಗಾದ್ರೂ ಮಾಡಿ ಒಂದ್ಸಲ ಕ್ಯಾಮೆರಾ ಕಡೆ ಮುಖ ತಿರುಗಿಸೋದು. ಅಷ್ಟೇ ನಮ್ಮ ಜೀವನ. ಮನೇಲಿ ಅಮ್ಮನೋ ಹೆಂಡ್ತೀನೋ ನೋಡ್ತಿರ್ತಾಳಲ್ಲ, "ಅಗೋ ನಮ್ಮೋನು" ಅನ್ಲಿ ಅಂತ.

ನನ್ನ ಜೊತೆಗಾರ ಕುರಮೊತೊ ಸೇಸುಕೆ. ಹದಿನೆಂಟು ವರ್ಷ ಅಕ್ಕಪಕ್ಕ ಬಿದ್ದಿದೀವಿ. ನಾನು ಬಾಯಿ ಬಿಟ್ಕೊಂಡು ಸಾಯೋನು, ಅವನು ಬಾಯಿ ಮುಚ್ಕೊಂಡು ಸಾಯೋನು. ಬದುಕಿರೋವಾಗ್ಲೂ ಹಾಗೇ, ಮಾತೇ ಕಮ್ಮಿ.

ಇಪ್ಪತ್ತಮೂರು ವರ್ಷದ ಹಿಂದೆ ಒಂದು ವಿಡಿಯೋ ಗೇಮ್ ಬಂತು, 'ಕಾಗೆ ಕಣಿವೆ' ಅಂತ. ಸಿನಿಮಾ ತರಾನೇ ಇರೋ ಗೇಮ್, ಕತೆ ಇದೆ, ಹಾಡಿದೆ, ಅಳು ಇದೆ. ಶುಜೆನ್ ಅಂತ ಒಬ್ಬ ಒಂಟಿ ಕತ್ತಿಗಾರ, ಅವನನ್ನ ನಾವು ಆಡಿಸ್ಬೇಕು. ಅವನ ಮೈ ಆಡೋ ರೀತಿನೆಲ್ಲ ನಿಜವಾದ ಮನುಷ್ಯರ ಹತ್ರ ಮಾಡ್ಸಿ ಕಂಪ್ಯೂಟರಿಗೆ ತುಂಬಿದ್ರು. ಅದಕ್ಕೆ ನಮ್ಮ ತಂಡದಿಂದ ಇಬ್ರನ್ನ ಓಸಾಕಕ್ಕೆ ಕರ್ಸಿದ್ರು. ನಾನು, ಸೇಸುಕೆ. ಗೇಮ್ ಬಂದ ಮೇಲೆ ಓಣಿ ತುಂಬಾ ಅದೇ ಮಾತು. ಕೇಳ್ದೋರಿಗೆಲ್ಲ ನಾನು ಎದೆ ಮುಂದೆ ಮಾಡಿ ಹೇಳ್ದೆ, "ಶುಜೆನ್ ನಾನೇ. ಮುಖ ಕಂಪ್ಯೂಟರಿಂದು, ಮೈ ನಂದು." ತೋಫು ಅಂಗಡಿ ತೊಕುಯಾಮ ನನ್ನನ್ನ ಅವತ್ತಿಂದ ಶುಜೆನ್ ಅಂತ್ಲೇ ಕರೆಯೋದು. ಗೇಮಿನ ಕೊನೇಲೂ ತಂಡದ ಹೆಸರು ಮಾತ್ರ ಇತ್ತಲ್ಲ, ಹೋಗಿ ನೋಡೋರು ಯಾರು?

ಶುಜೆನ್ ನಾನಲ್ಲ. ಸೇಸುಕೆ. ಅವನು ಗೇಮ್ ಬಂದ ವರ್ಷಾನೇ ಚಳಿಗಾಲದಲ್ಲಿ ಹೊಟ್ಟೆ ಕಾಯಿಲೆ ಬಂದು ಹೋಗ್ಬಿಟ್ಟ. ಆಗ ಅವನ ಮಗಳು ಚಿನಾತ್ಸುಗೆ ಮೂರು ವರ್ಷ.

ಕಳೆದ ವಸಂತದಲ್ಲಿ ಅದೇ ಚಿನಾತ್ಸು ಫೋನ್ ಮಾಡಿದ್ಲು. ಈಗ ಆಸ್ಪತ್ರೇಲಿ ಕೆಲಸ ಅವಳಿಗೆ. ಪಾರ್ಶ್ವವಾಯು ಹೊಡೆದೋರಿಗೆ, ಕಾಲು ಮುರ್ಕೊಂಡೋರಿಗೆ ಮತ್ತೆ ನಡೆಯೋದು ಹೇಳ್ಕೊಡ್ತಾಳೆ.

"ಬುನ್‌ಜಿ ಚಿಕ್ಕಪ್ಪ, ಅಮ್ಮನ ಬೀರು ಖಾಲಿ ಮಾಡ್ತಿದ್ದೆ. ಆ ಗೇಮ್ ಸಿಕ್ತು. ಮೇಲಿನ ಪ್ಲಾಸ್ಟಿಕ್ಕೂ ಬಿಚ್ಚಿಲ್ಲ."

ಅವಳಮ್ಮ ಆ ವಸಂತಕ್ಕೆ ಮುಂಚಿನ ಚಳಿಗಾಲದಲ್ಲಿ ತೀರ್ಕೊಂಡಿದ್ರು. ಆಯಮ್ಮ ಯಾಕೆ ಬಿಚ್ಚಲಿಲ್ಲ ಅಂತ ನಾನು ಕೇಳ್ಲಿಲ್ಲ.

"ನಂಗೆ ಅಪ್ಪನ ಫೋಟೋ ಐದಿದೆ ಚಿಕ್ಕಪ್ಪ. ಅಪ್ಪ ಓಡಾಡೋದನ್ನ ನೋಡೇ ಇಲ್ಲ. ಹಳೇ ಧಾರಾವಾಹಿ ನಲವತ್ತು ಹುಡುಕಿ ನೋಡ್ದೆ. ಓಡಿ ಬರ್ತಾರೆ, ಬೀಳ್ತಾರೆ. ಮುಖ ಮುಚ್ಚೋ ಹುಲ್ಲಿನ ಟೋಪಿ ಬೇರೆ. ಒಂದ್ರಲ್ಲೂ ಅಪ್ಪ ಸುಮ್ನೆ ನಡೆಯೋದೇ ಇಲ್ಲ."

"ಕಡಿಸ್ಕೊಳ್ಳೋರಿಗೆ ನಡೆಯಕ್ಕೆ ಪುರುಸೊತ್ತು ಎಲ್ಲಮ್ಮ" ಅಂದೆ.

"ಚಿಕ್ಕೋಳಿದ್ದಾಗ ನೀವು ಹೇಳಿದ್ರಲ್ಲ, ನಿಮ್ಮಪ್ಪಾನೂ ಆ ಗೇಮಲ್ಲಿ ಇದಾನೆ, ನನ್ನ ಕೈಲಿ ಕಡಿಸ್ಕೊಂಡು ಸಾಯೋ ಸೈನಿಕರೆಲ್ಲ ಅವನೇ ಅಂತ. ನಂಗೆ ಆಡಕ್ಕೆ ಬರಲ್ಲ. ನೀವು ಪಕ್ಕದಲ್ಲಿ ಕೂತು ತೋರಿಸ್ತೀರಾ?"

ಹೇಳಿದ್ದೆ. ಸೇಸುಕೆ ಸತ್ತು ನಲವತ್ತೊಂಬತ್ತನೇ ದಿನದ ಪೂಜೇಲಿ, ಆ ಕೂಸಿನ ತಲೆ ಸವರ್ಕೊಂಡು, ಹತ್ತು ಜನದ ಮುಂದೆ. ಬಾ ಅಂದೆ.

ಮಿನೆಕೊ ಅಕ್ಕನ ಕಾಫಿ ಅಂಗಡಿಗೆ ಬುಧವಾರ ರಜ. ಅಲ್ಲಿ ಇನ್ನೂ ಆ ಕಾಲದ ದಪ್ಪ ಟಿವಿ ಇದೆ, ಗೇಮ್ ಪೆಟ್ಟಿಗೆಯನ್ನ ಚಿನಾತ್ಸು ಯಾರ ಹತ್ರಾನೋ ಕೇಳಿ ತಂದಿದ್ಲು. ಮಿನೆಕೊ ಅಕ್ಕಂಗೆ ಎಪ್ಪತ್ತೆರಡು. ಶೂಟಿಂಗ್ ಜನಾನ ಐವತ್ತು ವರ್ಷದಿಂದ ಸಾಕಿದಾಳೆ, ಹಾಗಾಗಿ ಯಾರಿಗೂ ಮರ್ಯಾದೆ ಕೊಡಲ್ಲ.

"ಏನೋ ಹೀರೋ, ಕೂದಲಿಗೆ ಬಣ್ಣ ಹಾಕ್ಕೊಂಡ್ ಬಂದಿದೀಯ" ಅಂದ್ಲು.

"ಅಭಿಮಾನಿಗಳು ಬರ್ತಾರಲ್ಲಕ್ಕ."

"ಬಂದಿರೋಳು ಒಬ್ಳು. ಅದೂ ಅವಳ ಅಪ್ಪನ್ನ ನೋಡಕ್ಕೆ ಬಂದಿರೋದು. ಆ ಕಡೆ ಸರ್ಕೊಂಡ್ ಕೂರು, ಗೇಮಿನ ತಂತಿ ಮೋಟು."

ಚಿನಾತ್ಸು ಕಂಟ್ರೋಲರ್ ಹಿಡ್ದು ಮೊಣಕಾಲ ಮೇಲೆ ಇಟ್ಕೊಂಡ್ಲು. ಗೇಮ್ ಶುರು ಆಯ್ತು.

ಏನ್ ಹೇಳ್ಲಿ. ಆ ಕಾಲದಲ್ಲಿ ಇದನ್ನ ನೋಡಿ ನಾವು ಬಾಯಿ ಬಿಟ್ಕೊಂಡು ಕೂತಿದ್ವಿ. ಇನ್ಮೇಲೆ ಸಿನಿಮಾದೋರೆಲ್ಲ ಅಂಗಡಿ ಮುಚ್ಬೇಕು ಅಂತ ತೊಕುಯಾಮ ತೋಫು ಕುಯ್ಯೋದು ಬಿಟ್ಟು ಭಾಷಣ ಮಾಡಿದ್ದ. ಈಗ ನೋಡಿದ್ರೆ ಶುಜೆನ್ ಮುಖ ಸೋಪಲ್ಲಿ ಕೆತ್ತಿಟ್ಟಂಗಿದೆ. ಬೆರಳುಗಳೆಲ್ಲ ಅಂಟ್ಕೊಂಡು ಅನ್ನ ಬಡಿಸೋ ಸೌಟಿನ ತರ ಆಗಿವೆ. ಬೆಟ್ಟ ಇರ್ಬೇಕಾದ ಕಡೆಯೆಲ್ಲ ಮಂಜು, ಬೆಟ್ಟ ಮಾಡಕ್ಕೆ ಆಗ್ದೇ ಮಂಜು ತುಂಬಿದಾರೆ ಅಂತ ಈಗ ಗೊತ್ತಾಗುತ್ತೆ. ಗೋಡೆ ಪಕ್ಕ ಹೋದ್ರೆ ನಮ್ಮ ಕಣ್ಣಿಗೆ ಬರೀ ಗೋಡೆ, ಶುಜೆನ್ ಅದ್ರ ಹಿಂದೆ ಎಲ್ಲೋ. ಒಂದೊಂದು ಬಾಗಿಲು ತೆಗೆಯಕ್ಕೂ ಕಪ್ಪು ಪರದೆ ಬರುತ್ತೆ, ಅದು ಹೋಗೋದ್ರೊಳಗೆ ಮಿನೆಕೊ ಅಕ್ಕ ಎರಡು ಲೋಟ ತೊಳೆದಿಟ್ಲು.

ಆಮೇಲೆ ಆ ದೊಡ್ಡ ದೃಶ್ಯ ಬಂತು. ಶುಜೆನ್ ತಂಗಿ ಹಿಮದಲ್ಲಿ ಸಾಯೋದು. ಬಾಯಿ ಒಂದು ಕಡೆ ಆಡ್ತಿದೆ, ಮಾತು ಇನ್ನೊಂದು ಕಡೆ ಬರ್ತಿದೆ. ಕಣ್ಣೀರು ಕೆನ್ನೆ ಬಿಟ್ಟು ಗಾಳೀಲಿ ಇಳೀತಿದೆ.

ಮಿನೆಕೊ ಅಕ್ಕ ಒಂದು ನಿಮಿಷ ನೋಡಿ, "ಇದಕ್ಕಾ ನಾನು ಅವತ್ತು ಅತ್ತಿದ್ದು?" ಅಂದ್ಲು.

"ಅತ್ತು ಕಾಫಿಗೆ ಉಪ್ಪು ಹಾಕ್ಕೊಟ್ಟಿದ್ದೆ" ಅಂದೆ.

"ನಿನ್ನ ಕಾಫಿಗೆ ಬೇಕು ಅಂತ್ಲೇ ಹಾಕಿದ್ದು."

ಚಿನಾತ್ಸು ನಗ್ಲಿಲ್ಲ. "ಸೈನಿಕರು ಯಾವಾಗ ಬರ್ತಾರೆ ಚಿಕ್ಕಪ್ಪ?" ಅಂದ್ಲು.

ಬಂದ್ರು. ಬಿದಿರು ಮೆಳೆಯಿಂದ ನಾಲ್ಕು ಜನ ಓಡಿ ಬಂದ್ರು. ಅವಳು ಯಾವ ಗುಂಡಿ ಒತ್ಬೇಕೋ ತಿಳೀದೆ ಎಲ್ಲಾ ಒತ್ತಿದ್ಲು. ಶುಜೆನ್ ಕತ್ತಿ ಬೀಸ್ದ, ಮೊದಲನೆಯವನಿಗೆ ಬಿತ್ತು. ಅವನು ಬೀಳೋದ್ರೊಳಗೆ ಕತ್ತು ಎಡಕ್ಕೆ ತಿರುಗಿಸಿ, ಹೆಗಲ ಮೇಲಿಂದ ಹಿಂದಕ್ಕೆ ಮುಖ ಮಾಡಿ, ಬಲಗೈಲಿ ಗಾಳೀನ ಎರಡು ಸಲ ಹಿಡ್ದು, ಬಾಯಿ ತೆಗೆದು ಬಿದ್ದ. ಎರಡನೆಯವನೂ ಹಾಗೇ. ಮೂರನೆಯವನು ಹಿಂದಿಂದ ಕಡಿಸ್ಕೊಂಡ, ಅವನೂ ಎಡಕ್ಕೇ ತಿರುಗಿದ. ಅಲ್ಲಿ ಯಾರೂ ಇಲ್ಲ, ಬರೀ ಮಂಜು. ಆ ಮಂಜಿಗೇ ಮುಖ ತೋರಿಸಿ, ಗಾಳೀನ ಎರಡು ಸಲ ಹಿಡ್ದು ಬಿದ್ದ.

ಅದು ಯಾಕೆ ಹಾಗೆ ಅಂದ್ರೆ, ಓಸಾಕದ ಆ ಗೋಡೌನಿನಲ್ಲಿ ನನಗೆ ಮೈಗಂಟೋ ಕಪ್ಪು ಬಟ್ಟೆ ಹಾಕ್ಸಿ, ಮೇಲೆಲ್ಲ ಹೊಳೆಯೋ ಗೋಲಿ ಅಂಟ್ಸಿ, ಸಾಯಿ ಅಂದ್ರು. ಕ್ಯಾಮೆರಾ ಎಲ್ಲಿ ಅಂದೆ. ಸುತ್ತಲೂ ಇಪ್ಪತ್ತಿದೆ ಸಾರ್, ಹೇಗ್ ಬೇಕಾದ್ರೂ ಸಾಯಿರಿ ಅಂದ್ರು. ಇಪ್ಪತ್ತು ವರ್ಷ ಒಂದೇ ಕ್ಯಾಮೆರಾ ನೋಡ್ಕೊಂಡು ಸತ್ತೋನಿಗೆ ಇಪ್ಪತ್ತು ಕ್ಯಾಮೆರಾ ಕೊಟ್ರೆ ಹೇಗೆ ಸಾಯೋದು? ಎಡಗಡೆ ಮೂಲೇಲಿ ಟೀ ಇಟ್ಟಿದ್ದ ಮೇಜಿತ್ತು. ಅದೇ ಕ್ಯಾಮೆರಾ ಅಂದ್ಕೊಂಡು ಅದ್ರ ಕಡೆ ಮುಖ ಮಾಡಿ ಎಲ್ಲಾ ಸಾವು ಸತ್ತೆ. ಕಂಪ್ಯೂಟರ್ ಹುಡುಗರು ಹಾಗೇ ಬಿಟ್ಬಿಟ್ರು. ಆ ಗೇಮಲ್ಲಿ ಸಾಯೋ ಪ್ರತಿಯೊಬ್ಬನೂ ಓಸಾಕದ ಟೀ ಮೇಜನ್ನ ನೋಡ್ಕೊಂಡು ಸಾಯ್ತಾನೆ.

ಮಿನೆಕೊ ಅಕ್ಕ ಲೋಟ ಕೆಳಗಿಟ್ಲು. "ಅಲ್ವೋ, ಇದು ನೀನಲ್ವೇನೋ? ಹೊಸ ವರ್ಷದ ಊಟದಲ್ಲಿ ಕುಡಿದು ನನ್ನ ಚಾಪೆ ಮೇಲೆ ಸಾಯ್ತೀಯಲ್ಲ, ಇದೇ ತಾನೇ? ಗಾಳಿ ಹಿಡಿಯೋದು, ಬಾಯಿ ಬಿಡೋದು."

ನಾಲ್ಕನೆಯವನೂ ಬಿದ್ದ. ಗಾಳಿ ಹಿಡ್ದ, ಬಾಯಿ ಬಿಟ್ಟ.

"ಇವನೂ ನೀನೇ" ಅಂತ ಅವಳು ನಗಕ್ಕೆ ಶುರು ಮಾಡಿದ್ಲು. "ಅಯ್ಯೋ, ಎಲ್ಲಾ ನೀನೇ ಕಣೋ."

ಅಲ್ಲೇ ಒಪ್ಕೊಂಡಿದ್ರೆ ಆಗ್ತಿತ್ತು. ನನ್ನ ಬಾಯಿ ನಂಗಿಂತ ಮುಂದೆ ಓಡುತ್ತೆ. "ಅಕ್ಕ, ಅವಾಗ ಜನ ಸಾಲ್ತಿರ್ಲಿಲ್ಲ. ಕಡಿಯೋದೂ ನಾನೇ ಮಾಡ್ದೆ, ಕಡಿಸ್ಕೊಳ್ಳೋದೂ ನಾನೇ ಮಾಡ್ದೆ. ಬೆಳಿಗ್ಗೆ ಶುಜೆನ್, ಮಧ್ಯಾಹ್ನದ ಮೇಲೆ ಸೈನಿಕ. ನನ್ನನ್ನ ನಾನೇ ಅಟ್ಟಿಸ್ಕೊಂಡು ಹೋಗಿ ಕಡ್ದೆ" ಅಂದೆ.

ಚಿನಾತ್ಸು ಕಂಟ್ರೋಲರನ್ನ ಮೇಜಿನ ಮೇಲಿಟ್ಲು. ನಿಧಾನವಾಗಿ, ಸದ್ದಾಗದ ಹಾಗೆ.

"ಇವರೆಲ್ಲ ಚಿಕ್ಕಪ್ಪಾನೇ. ಶುಜೆನ್ನೂ ಚಿಕ್ಕಪ್ಪಾನೇ. ಹಾಗಾದ್ರೆ ಅಪ್ಪ ಇದ್ರಲ್ಲಿ ಇಲ್ವಾ?"

ಮಿನೆಕೊ ಅಕ್ಕನ ನಗು ನಿಂತೋಯ್ತು. ಒಲೆ ಮೇಲೆ ಏನೋ ಇದೆ ಅಂತ ಒಳಗೆ ಹೋದ್ಲು. ಒಲೆ ಮೇಲೆ ಏನೂ ಇರ್ಲಿಲ್ಲ.

ನಾನು ಟಿವಿ ನೋಡ್ದೆ. ಅವನು ಅಲ್ಲೇ ನಿಂತಿದ್ದ, ಸೇಸುಕೆ, ಸೋಪಿನ ಮುಖ ಹಾಕ್ಕೊಂಡು, ಅವಳಿಂದ ಎರಡು ಮೊಳ ದೂರದಲ್ಲಿ. ಅವನೇ ನೋಡಮ್ಮ ಅನ್ನೋದು ಎಷ್ಟು ಮಾತು? ಆದ್ರೆ ಹಾಗಂದ್ರೆ ಇಪ್ಪತ್ತಮೂರು ವರ್ಷದ ಹೆಸರು ಹೋಗುತ್ತಲ್ಲ. ತೊಕುಯಾಮ ನನ್ನನ್ನ ಏನಂತ ಕರೀತಾನೆ? ಅದನ್ನ ಯೋಚಿಸ್ದೆ ನಾನು. ತೋಫು ಮಾರೋನು ನನ್ನನ್ನ ಏನಂತ ಕರೀತಾನೆ ಅಂತ.

"ಇದಾನಮ್ಮ, ಇಲ್ದೇ ಏನು" ಅಂದೆ. "ಮುಂದೆ ಹೋಗು, ಹೊಳೆ ಬರುತ್ತೆ. ಅಲ್ಲೊಬ್ಬ ದೋಣಿ ನಡೆಸೋನು ಇದಾನೆ. ಅವನು ನಿಮ್ಮಪ್ಪ."

ಬಾಯಿಗೆ ಬಂದಿದ್ದು ಹೇಳ್ದೆ. ಆ ದೋಣಿಯವನು ಯಾರೂ ಅಲ್ಲ. ಅದಕ್ಕೆ ಮನುಷ್ಯನ್ನ ಕರ್ಸೋದು ದಂಡ ಅಂತ ಕಂಪ್ಯೂಟರ್ ಹುಡುಗರು ತಾವೇ ಗೀಚಿ ಮಾಡಿದ್ದು.

ಹೊಳೆ ಬಂತು. ದೋಣಿಯವನು ಬೇಯಿಸಿದ ಮೂಲಂಗಿ ತರ ಇದ್ದ. ಎರಡೇ ಎರಡು ಆಟ ಅವನದ್ದು, ಮುಂದಕ್ಕೆ ಬಾಗೋದು, ಹಿಂದಕ್ಕೆ ಬಾಗೋದು. ಹುಟ್ಟು ಅವನ ಕೈಯೊಳಗೆ ಇರ್ಲಿಲ್ಲ, ಕೈ ಪಕ್ಕದಲ್ಲಿ ತೇಲ್ತಿತ್ತು. ಹೊಳೆ ದಾಟಕ್ಕೆ ಎರಡು ನಿಮಿಷ. ಅವಳು ಕುರ್ಚಿ ಮುಂದಕ್ಕೆ ಎಳ್ಕೊಂಡು, ಮೂಗು ಟಿವಿಗೆ ತಾಗೋ ಹಾಗೆ ಕೂತ್ಲು. ಆ ದಡ ಮುಟ್ಟಿತು. ಇಳೀಲಿಲ್ಲ, ತಿರುಗಿ ಈ ದಡಕ್ಕೆ ಬಂದ್ಲು. ಮತ್ತೆ ಆ ದಡಕ್ಕೆ.

"ಬಲ ಭುಜ ಸ್ವಲ್ಪ ಮೇಲೇಳ್ತಿದೆ" ಅಂದ್ಲು. ಆಸ್ಪತ್ರೇಲಿ ರೋಗಿಗಳನ್ನ ನೋಡೋ ಕಣ್ಣು ಅದು. "ಅಪ್ಪಂಗೆ ಭುಜಕ್ಕೆ ಏಟಾಗಿತ್ತಾ?"

"ಹೂಂ. ಒಂದ್ಸಲ ಆಗಿತ್ತು."

ಸೇಸುಕೆ ಭುಜಕ್ಕೆ ಯಾವತ್ತೂ ಏನೂ ಆಗಿರ್ಲಿಲ್ಲ.

ಅವಳು ತನ್ನ ಭುಜಾನೂ ಹಾಗೇ ಏರಿಸಿ ಇಳಿಸಿ ನೋಡ್ಕೊಂಡ್ಲು. ಮುಂದಕ್ಕೆ ಬಾಗಿದ್ಲು, ಹಿಂದಕ್ಕೆ ಬಾಗಿದ್ಲು, ಆ ಮೂಲಂಗಿ ಜೊತೆ. ನಾಲ್ಕು ಸಲ ಹೊಳೆ ದಾಟಿದ್ಲು. ನಾನು ಕಾಫಿ ಲೋಟದ ತಳ ನೋಡ್ಕೊಂಡು ಕೂತಿದ್ದೆ. ಚಪ್ಪಲಿ ಹಾಕ್ಕೊಂಡು ಎದ್ದು ಓಡ್ಬೇಕು ಅನ್ನಿಸ್ತಿತ್ತು, ಆದ್ರೆ ಮೋಟು ತಂತಿ ದಾಟಿ ಹೋಗ್ಬೇಕಿತ್ತು, ಅವಳ ಮುಂದೆ.

ಐದನೇ ಸಲಕ್ಕೆ ಅವಳು ಚೀಲದಿಂದ ಮೊಬೈಲ್ ತೆಗೆದ್ಲು. ಟಿವಿ ಕಡೆ ಹಿಡಿದ್ಲು.

"ಏನಮ್ಮ ಅದು?"

"ವಿಡಿಯೋ ಮಾಡ್ಕೊತೀನಿ ಚಿಕ್ಕಪ್ಪ. ಮನೇಲಿ ಅಪ್ಪ ಅಮ್ಮನ ಫೋಟೋ ಇರೋ ಪೂಜೆ ಪೀಠದ ಮುಂದೆ ಇಟ್ಟು ತೋರಿಸ್ತೀನಿ. ಅಮ್ಮ ಪ್ಲಾಸ್ಟಿಕ್ಕೇ ಬಿಚ್ಚಿರ್ಲಿಲ್ಲ ಪಾಪ, ಒಂದ್ಸಲಾನೂ ನೋಡಿರಲ್ಲ."

ಆ ಪೀಠದ ಮುಂದೆ ಊದುಬತ್ತಿ ಹಚ್ಚಿ, ಗಂಟೆ ಹೊಡೆದು, ಸೇಸುಕೆ ಹೆಂಡ್ತಿಗೆ ಆ ಮೂಲಂಗೀನ ತೋರ್ಸೋದು. ಹನ್ನೆರಡು ವರ್ಷ ಅವನ ಬಟ್ಟೆ ಒಗೆದ ಹೆಂಗಸಿಗೆ.

"ತೆಗೀಬೇಡ" ಅಂದೆ.

"ಯಾಕೆ?"

"ದೋಣಿಯವನು ನಿಮ್ಮಪ್ಪ ಅಲ್ಲ."

ಅವಳು ಮೊಬೈಲ್ ಇಳಿಸ್ಲಿಲ್ಲ, ಹಾಗೇ ಹಿಡ್ಕೊಂಡಿದ್ಲು. "ಮತ್ತೆ ಯಾರು?"

"ಯಾರೂ ಅಲ್ಲ. ಗೊಂಬೆ."

"ಚಿಕ್ಕಪ್ಪ, ಅಪ್ಪ ಇದ್ರಲ್ಲಿ ಇಲ್ಲ ಅಂದ್ರೆ ಇಲ್ಲ ಅಂತ ಹೇಳಿ. ನಾನು ಚಿಕ್ಕ ಮಗು ಅಲ್ಲ."

"ಇದಾನೆ. ಮೊಬೈಲ್ ಕೆಳಗಿಡು. ದೋಣಿಯಿಂದ ಇಳಿ. ಕಂಟ್ರೋಲರ್ ಮೇಲಿರೋ ಆ ಕಡ್ಡೀನ ಮುಂದಕ್ಕೆ ತಳ್ಳು. ಅಷ್ಟು ಜೋರಾಗಿ ಬೇಡ, ಜೋರಾಗಿ ತಳ್ಳಿದ್ರೆ ಓಡ್ತಾನೆ. ಮೆಲ್ಲಗೆ."

ಶುಜೆನ್ ದಡಕ್ಕಿಳಿದು ನಡೆಯಕ್ಕೆ ಶುರು ಮಾಡ್ದ. ಮುಖ ಸೋಪು, ಕೈ ಸೌಟು, ಬೆಟ್ಟ ಇಲ್ಲ, ಬರೀ ಮಂಜು. ಅದ್ರೊಳಗೆ ಆ ನಡಿಗೆ ಮಾತ್ರ ನಿನ್ನೆ ಸಂಜೆ ನೋಡ್ದಂಗಿತ್ತು. ಎಡ ಹಿಮ್ಮಡಿ ಒಂಚೂರು ತಡವಾಗಿ ನೆಲ ಮುಟ್ಟೋದು, ನೆಲ ಗಟ್ಟಿ ಇದೆಯಾ ಅಂತ ಕೇಳಿ ಇಟ್ಟಂಗೆ. ಇದೇ ನಡಿಗೆ ನೋಡೇ ಗೇಮಿನೋರು ಅವನನ್ನ ಆರಿಸಿದ್ದು. ನಾನೂ ನಡೆದು ತೋರಿಸಿದ್ದೆ ಅವತ್ತು, ಮೂರು ಸಲ. ನೀವು ಸಾಯೋದು ಚೆನ್ನಾಗಿದೆ ಸಾರ್ ಅಂದಿದ್ರು.

"ಇವನು" ಅಂದೆ. "ಶುಜೆನ್ ನಾನಲ್ಲ. ಒಂದು ಹೆಜ್ಜೆನೂ ನಾನಲ್ಲ. ನಡೆಯೋದು, ಓಡೋದು, ಕತ್ತಿ ಬೀಸೋದು, ಎಲ್ಲಾ ನಿಮ್ಮಪ್ಪ. ಸಾಯೋದು ಮಾತ್ರ ನಾನು."

ಅವಳು ನನ್ನ ಕಡೆ ತಿರುಗ್ಲಿಲ್ಲ. ಕಡ್ಡಿ ಬಿಡ್ಲಿಲ್ಲ. ಶುಜೆನ್ ನಡೀತಾನೇ ಇದ್ದ.

ಒಳಗಿಂದ ಮಿನೆಕೊ ಅಕ್ಕ ಬಂದು ಬಾಗಿಲಲ್ಲಿ ನಿಂತಿದ್ಲು. ಯಾವಾಗಿಂದ ನಿಂತಿದ್ಲೋ. ಕೈ ಒರೆಸೋ ಬಟ್ಟೆ ಕೈಯಲ್ಲೇ ಇತ್ತು. "ಹೌದು" ಅಂದ್ಲು, "ಕಾಫಿ ಮುಗಿಸಿ ಎದ್ದು ಹೋಗ್ತಿದ್ದಿದ್ದು ಹೀಗೇ." ನನ್ನ ಕಡೆ ನೋಡ್ಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಚಿನಾತ್ಸು ಬಹಳ ಹೊತ್ತು ನಡೆಸಿದ್ಲು. ಆಮೇಲೆ ಅಂದ್ಲು, "ಎಡ ಮಂಡಿ."

"ಏನಮ್ಮ?"

"ಭುಜ ಅಲ್ಲ. ಎಡ ಮಂಡಿ ಒಳಗಡೆ ಸವೆದಿದೆ. ಭಾರ ಹಾಕಕ್ಕೆ ಆಗ್ತಿಲ್ಲ, ಅದಕ್ಕೇ ಹಿಮ್ಮಡಿ ತಡ. ಇದು ಸ್ಟೈಲ್ ಅಲ್ಲ ಚಿಕ್ಕಪ್ಪ, ನೋವು. ನನ್ನ ಹತ್ರ ಇಂಥೋರು ದಿನಾ ಬರ್ತಾರೆ. ಅಪ್ಪ ಹೇಳಿರ್ಲಿಲ್ವಾ?"

ಹೇಳಿರ್ಲಿಲ್ಲ. ಹದಿನೆಂಟು ವರ್ಷ ಒಂದೇ ಡಬ್ಬೀಲಿ ಊಟ ಮಾಡಿದೀವಿ, ನಂಗೆ ಗೊತ್ತೇ ಇರ್ಲಿಲ್ಲ. ಮೆಟ್ಟಿಲು ಇಳಿಯೋವಾಗ ಅಡ್ಡಡ್ಡ ಇಳಿಯೋನು, ಏಡಿ ಅಂತ ಹೆಸರಿಟ್ಟು ಎಲ್ಲರನ್ನೂ ನಗಿಸಿದ್ದೋನು ನಾನೇ. ನೋವಿಂದ ಬಂದ ನಡಿಗೆ ಅದು. ಅದನ್ನ ತಗೊಂಡು ನಾನು ಓಣಿ ತುಂಬಾ ನನ್ನದು ಅಂತ ಮೆರೆದಿದ್ದೆ. ಹುಡುಗ್ರು ಕೇಳಿದ್ರೆ ನಡೆದೂ ತೋರಿಸ್ತಿದ್ದೆ, ಎಡಗಾಲು ಎಳ್ಕೊಂಡು, ಬೇಕಾದ್ದಕ್ಕಿಂತ ಜಾಸ್ತಿ ಎಳ್ಕೊಂಡು.

ಅವಳ ಅಪ್ಪನ್ನ ನೆಮ್ಮದಿಯಾಗಿ ನಡೆಯಕ್ಕೂ ಬಿಡ್ಲಿಲ್ಲ ಆ ಗೇಮು. ಇಪ್ಪತ್ತು ಹೆಜ್ಜೆಗೊಂದು ಸಲ ಮೆಳೆಯಿಂದ ಸೈನಿಕರು ಬರ್ತಿದ್ರು. ಎಲ್ಲಾ ನಾನೇ. ಕೂಗ್ಕೊಂಡು ಅಡ್ಡ ಬರೋದು, ಗಾಳಿ ಹಿಡಿಯೋದು, ಬೀಳೋದು. ಮೊದಮೊದಲು ಅವಳಿಗೆ ಹೊಡೆಯಕ್ಕೆ ಬರ್ತಿರ್ಲಿಲ್ಲ. ಒಂದು ಗಂಟೆ ಆಡೋ ಹೊತ್ತಿಗೆ ಯಾವ ಗುಂಡಿ ಅಂತ ಕಲ್ತ್ಲು. ನಾನು ಬರ್ತಿದ್ದಂಗೇ ಒಂದೇ ಏಟು, ನಾನು ಬಿದ್ದಿದ್ದನ್ನ ನೋಡೋದೂ ಇಲ್ಲ, ಮತ್ತೆ ಮೆಲ್ಲಗೆ ಕಡ್ಡಿ ತಳ್ಳೋದು.

ಸಂಜೆ ಪೆಟ್ಟಿಗೆ ಬಿಚ್ಚಿ ಚೀಲಕ್ಕೆ ಹಾಕ್ಕೊಂಡ್ಲು. ತಂತೀನ ನೀಟಾಗಿ ಸುತ್ತಿದ್ಲು. ಬಾಗಿಲ ಹತ್ರ ಬೂಟು ಹಾಕ್ಕೊಳ್ಳೋವಾಗ ಕೇಳಿದ್ಲು, "ನೀವು ಹೀಗೆ ಹೇಳ್ಕೊಂಡು ತಿರುಗ್ತಿದ್ದಿದ್ದು ಅಪ್ಪಂಗೆ ಗೊತ್ತಿತ್ತಾ?"

ಗೊತ್ತಿರ್ಲಿಲ್ಲಮ್ಮ ಅಂದಿದ್ರೆ ಮುಗೀತಿತ್ತು. ಸತ್ತ ಮೇಲೆ ಶುರು ಮಾಡ್ದೆ ಅಂದಿದ್ರೂ ನಡೀತಿತ್ತು, ಕೇಳೋರು ಯಾರು?

"ಗೊತ್ತಿತ್ತು" ಅಂದೆ. "ಆಸ್ಪತ್ರೇಲಿ ಅವನ ಪಕ್ಕ ಕೂತಿದ್ದೆ. ನಿದ್ದೆ ಮಾಡ್ತಿದಾನೆ ಅಂದ್ಕೊಂಡಿದ್ದೆ. ಡ್ರಿಪ್ ಬದಲಾಯಿಸಕ್ಕೆ ಬಂದ ನರ್ಸು ಆ ಗೇಮಿನ ಮಾತು ತೆಗೆದ್ಲು, ಅವಳ ತಮ್ಮ ಆಡ್ತಾನಂತೆ. ನಾನು ಶುಜೆನ್ ನಾನೇ ಅಂದೆ. ಅದೇ ಮೊದಲನೇ ಸಲ. ತಿರುಗಿ ನೋಡಿದ್ರೆ ಸೇಸುಕೆ ಕಣ್ಣು ಬಿಟ್ಕೊಂಡಿದ್ದ."

"ಅಪ್ಪ ಏನಂದ್ರು?"

"'ಹೌದು ಸಿಸ್ಟರ್, ಇವನೇ' ಅಂದ. 'ಇವನ ಹತ್ರ ಸಹಿ ಹಾಕಿಸ್ಕೊಳ್ಳಿ' ಅಂದ. ನಾನು ಹಾಕ್ದೆ. ಅವನ ಮಾತ್ರೆ ಕೊಡೋ ಚೀಟಿ ಹಿಂದೆ."

ಚಿನಾತ್ಸು ಬೂಟಿನ ಲಾಡಿ ಕಟ್ಟಿ ಮುಗಿಸಿದ್ಲು. ಎದ್ದು ನಿಂತ್ಲು. ಸಿಟ್ಟು ಮಾಡ್ಕೊಂಡ್ರೆ ಹೇಗೆ ತಡ್ಕೋಬೇಕು ಅಂತ ನಾನು ಮೈ ಗಟ್ಟಿ ಮಾಡ್ಕೊಂಡಿದ್ದೆ, ಅದು ನಂಗೆ ಅಭ್ಯಾಸ.

"ಅಪ್ಪ ಶುಜೆನ್ನನ್ನ ನಿಮಗೆ ಕೊಟ್ಟಿದ್ದು ಆ ಒಂದು ದಿನಕ್ಕೆ" ಅಂದ್ಲು. ಅವಳ ದನಿ ಏರ್ಲಿಲ್ಲ. "ನಂಗೆ ಹೇಳಿದ್ರೆ ಸಾಲಲ್ಲ ಚಿಕ್ಕಪ್ಪ. ಯಾರ್ ಯಾರಿಗೆ ನೀವು ಅಂತ ಹೇಳಿದೀರೋ ಅವರಿಗೆಲ್ಲ ಅಪ್ಪನ ಹೆಸರು ಹೇಳಿ. ಕುರಮೊತೊ ಸೇಸುಕೆ ಅಂತ, ಪೂರ್ತಿ." ಆಮೇಲೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ್ಲು, ಬರೀ ಮಿನೆಕೊ ಅಕ್ಕಂಗೆ. ಹೋದ್ಲು.

ಮಿನೆಕೊ ಅಕ್ಕ ನನ್ನ ಲೋಟ ಎತ್ಕೊಂಡು, "ನಾಳೆಯಿಂದ ಶುರು ಮಾಡು. ಇವತ್ತು ನಿನ್ನ ಮುಖ ನಂಗೆ ಬೇಡ" ಅಂದ್ಲು.

ಮಾರನೇ ದಿನ ಓಣಿಯವರೆಲ್ಲ ದುಡ್ಡು ಕೊಟ್ಟು ಮೀಯೋ ಸ್ನಾನದ ಮನೆ ಬಾಗಿಲು ತೆಗೀತಿದ್ದಂಗೇ ಹೋದೆ. ನಾಲ್ಕು ಗಂಟೆಗೆ ಅಲ್ಲಿ ಓಣಿ ಮುದುಕರೆಲ್ಲ ಇರ್ತಾರೆ. ತೊಕುಯಾಮ ತನ್ನ ಭಾವನ್ನ ಕರ್ಕೊಂಡ್ ಬಂದಿದ್ದ, ಫುಕುಯಿಯಿಂದ ಬಂದೋನಂತೆ. ಇಬ್ರೂ ಸ್ಟೂಲ್ ಮೇಲೆ ಕೂತು ಮೈ ಉಜ್ಕೋತಿದ್ರು.

"ಬಾ ಶುಜೆನ್" ಅಂದ ತೊಕುಯಾಮ. "ಭಾವ, ಇವನೇ ನೋಡಿ. ಆ ಗೇಮಿನ ಹೀರೋ."

"ನಾನಲ್ಲ" ಅಂದೆ. "ಅದು ಕುರಮೊತೊ ಸೇಸುಕೆ."

"ಯಾರದು?"

"ಏಡಿ ಅಂತಿದ್ವಲ್ಲ, ಅವನು. ನಡೆದಿದ್ದು, ಕತ್ತಿ ಹಿಡಿದಿದ್ದು ಎಲ್ಲಾ ಅವನು. ನಾನು ಸತ್ತಿದ್ದು ಅಷ್ಟೇ. ಇಷ್ಟು ವರ್ಷ ಸುಳ್ಳು ಹೇಳ್ದೆ."

ಇಬ್ರೂ ಮುಂದಿನದ್ದಕ್ಕೆ ಕಾದ್ರು. ಆಸ್ಪತ್ರೆದು ಹೇಳ್ದೆ, ಸಹಿ ಹಾಕಿದ್ದು ಹೇಳ್ದೆ, ದೋಣಿಯವನದ್ದೂ ಹೇಳ್ದೆ. ಏನೂ ಸೇರಿಸ್ಲಿಲ್ಲ. ಬರಿ ಮೈಯಲ್ಲಿ, ತಲೆ ಮೇಲೆ ಒದ್ದೆ ಟವೆಲ್ ಇಟ್ಕೊಂಡು. ನನ್ನ ದನಿ ನಂಗೇ ಬೇರೆ ಯಾರದ್ದೋ ತರ ಕೇಳಿಸ್ತಿತ್ತು.

ಆ ಭಾವ ತೊಕುಯಾಮನ ಮುಖ ನೋಡ್ದ, ನಗ್ಬೇಕಾ ಬೇಡ್ವಾ ಅಂತ. ತೊಕುಯಾಮ ಒಂದು ಚೊಂಬು ನೀರು ಹೆಗಲ ಮೇಲೆ ಸುರ್ಕೊಂಡ.

"ಇದು ಚೆನ್ನಾಗಿಲ್ಲ ಬುನ್‌ಜಿ" ಅಂದ. "ಕೊನೇಲಿ ಏನೂ ಆಗೋದೇ ಇಲ್ಲ. ಹಳೇದೇ ಹೇಳು, ಭಾವ ಕೇಳ್ಲಿ."

"ಹಳೇದು ಸುಳ್ಳು ಕಣೋ."

"ಇರ್ಲಿ ಬಿಡೋ. ಅದ್ರಲ್ಲಿ ಮಜಾ ಇತ್ತು."

ಅವನು ಬೆನ್ನು ತಿರುಗಿಸಿ ಸೋಪು ಹಚ್ಕೊಳ್ಳಕ್ಕೆ ಶುರು ಮಾಡ್ದ. ನಾನು ಸ್ಟೂಲ್ ಎಳ್ಕೊಂಡು ಅವನ ಬೆನ್ನ ಹಿಂದೆ ಕೂತೆ. "ಕುರಮೊತೊ ಸೇಸುಕೆ ಅಂತ" ಅಂತ ಮತ್ತೆ ಮೊದಲಿಂದ ಹೇಳಕ್ಕೆ ಶುರು ಮಾಡ್ದೆ.